ಗಾಳ ಹಿಡಿದು ಹೊರಟವರನ್ನು ಕೇಳಬಾರದು

ನಾನು ಚಿಕ್ಕವನಿದ್ದಾಗ, ಅಂದರೆ ಎಪ್ಪತ್ತರ ದಶಕದಲ್ಲಿ, ಬೆಳುವಾಯಿಯ ನಮ್ಮ ಮನೆಗೆ ಸಮುದ್ರದ ಮೀನು ಸೈಕಲ್ ಏರಿ ಬರುತ್ತಿತ್ತು. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಾತ್ರ ಬರುತ್ತಿರಲಿಲ್ಲ. ಆ ಜೋರು ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಬಂದು ಇರುವುದೂ ಅದೇ ತಿಂಗಳಲ್ಲಿ. ಆ ವರ್ಷ ನನ್ನ ಅಕ್ಕ ಬಂದಿದ್ದಳು. ಅವಳನ್ನು ನೋಡಲು ನರಿಕೊಂಬಿನಿಂದ ಭಾವ ಬರುವವರಿದ್ದರು. ಮದುವೆಯ ಗದ್ದಲ ಮುಗಿದ ಮೇಲೆ ಅವರು ನಮ್ಮಲ್ಲಿ ಊಟಕ್ಕೆ ಬರುತ್ತಿದ್ದದ್ದು ಅದೇ ಮೊದಲು.

ಮನೆಯಲ್ಲಿದ್ದದ್ದು ಒಣಮೀನು. “ಅಳಿಯನ ಎಲೆಗೆ ಅದನ್ನು ಬಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ,” ಎಂದು ಅಮ್ಮ ಹೇಳಿಬಿಟ್ಟಳು. ಅಪ್ಪ ಮಾಡಿನಲ್ಲಿ ಸಿಕ್ಕಿಸಿದ್ದ ಬಿದಿರಿನ ಗಾಳ ತೆಗೆದರು. ಗುಡ್ಡದ ಬುಡದ ಕೆರೆಯಲ್ಲಿ ಮುಗುಡು ಇತ್ತು. ಕಪ್ಪು ಮೈ, ಉದ್ದ ಮೀಸೆ, ಎರೆಹುಳ ಕಂಡರೆ ಬಿಡದ ಮೀನು.

ಹುಳ ತೋಡುವ ಕೆಲಸ ನನ್ನದು. ದನದ ಹಟ್ಟಿಯ ಹಿಂದೆ ಕೊಳೆತ ಬಾಳೆದಿಂಡನ್ನು ಮಗುಚಿದರೆ ಸಾಕು, ಬೆಚ್ಚಗಿನ ಮಣ್ಣಿನ ವಾಸನೆಯ ಜೊತೆಗೆ ಕೆಂಪು ಹುಳಗಳು ಮಿಸುಕಾಡುತ್ತಿದ್ದವು. ತೆಂಗಿನ ಗೆರಟೆ ತುಂಬಿಸಿಕೊಂಡು ಅಪ್ಪನ ಹಿಂದೆ ಹೊರಟೆ. ಅಕ್ಕನೂ ಮಡಕೆ ಹಿಡಿದು ಬಂದಳು.

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು. ಕೇಳಿದರೆ ಮೀನು ಗಾಳ ಮುಟ್ಟುವುದಿಲ್ಲ. ಮನೆಗೆ ಮರಳಿ, ಜಗಲಿಯಲ್ಲಿ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅಪ್ಪ ಇದನ್ನು ತಪ್ಪದೆ ಪಾಲಿಸುತ್ತಿದ್ದರು.

ರಸ್ತೆಯ ತಿರುವಿನಲ್ಲಿ ಬ್ಯಾರಿ ಕಾಕನ ಅಂಗಡಿ. ಬೆಲ್ಲ ತೂಗುತ್ತಿದ್ದ ಕಾಕ ತಲೆ ಎತ್ತಿ, “ಎಲ್ಲಿಗೆ ಮಾರಾಯ್ರೇ, ಈ ಮಳೆಗೆ?” ಎಂದರು. ಕೇಳಿದ ಮೇಲೆ ಗಾಳ ಕಾಣಿಸಿತು. ನಾಲಿಗೆ ಕಚ್ಚಿಕೊಂಡರು. ಅಪ್ಪ ಅಲ್ಲಿಂದಲೇ ಹಿಂದಿರುಗಿದರು. ನೀರು ಕುಡಿದು ಮತ್ತೆ ಹೊರಟಾಗ ಕಾಕ ಪೇಪರಿನಿಂದ ಮುಖ ಮುಚ್ಚಿಕೊಂಡು, “ನಾನು ಕೇಳಲಿಲ್ಲ, ನೋಡಲೂ ಇಲ್ಲ, ಹೋಗಿ!” ಎಂದು ಒಳಗಿನಿಂದಲೇ ಕೂಗಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಕೆರೆಯ ದಂಡೆಗೆ ತಲುಪುವಾಗ ಮಳೆ ಹನಿಗೆ ಇಳಿದಿತ್ತು. ಕಪ್ಪೆಗಳ ಗಲಾಟೆ ಜೋರಾಗಿತ್ತು. ಅಪ್ಪ ಇನ್ನೂ ಹುಳ ಸಿಕ್ಕಿಸಿರಲಿಲ್ಲ, ಎದುರಿನ ಗದ್ದೆಯ ಬದುವಿನಲ್ಲಿ ಕೊಡೆಯೊಂದು ಬಂತು. ಕೊಡೆಯ ಕೆಳಗೆ ಬಿಳಿ ಪಂಚೆ, ಕೈಯಲ್ಲಿ ಸಿಹಿತಿಂಡಿಯ ಪೊಟ್ಟಣ. ಮೊದಲ ಬಸ್ಸಿಗೇ ಹೊರಟು, ಒಳದಾರಿಯಲ್ಲಿ ನಡೆದು ಬಂದ ಭಾವ!

“ಏನು ಮಾವ, ಎಲ್ಲಿಗೆ ಹೊರಟದ್ದು?”

ಅಪ್ಪನ ಮುಖ ಸಣ್ಣದಾಯಿತು. ಮತ್ತೆ ಮನೆಗೆ ಹೋಗಿ ಬರಲು ಹೊತ್ತಿಲ್ಲ. ಬರಿಗೈಯಲ್ಲಿ ಹೋದರೆ ಒಲೆಯ ಮೇಲೆ ಒಣಮೀನು. ನನಗೆ ಅಳುವೇ ಬಂತು.

ಆಗ ಅಕ್ಕ, “ಕೇಳಿದವರೇ ಗಾಳ ಹಿಡಿದರೆ ದೋಷ ಇಲ್ಲ. ಹಿಡಿಯಿರಿ,” ಎಂದು ಭಾವನಿಂದ ಕೊಡೆ, ಪೊಟ್ಟಣ ಎರಡನ್ನೂ ತೆಗೆದುಕೊಂಡಳು. ಅಂಥ ನಿಯಮ ನಮ್ಮ ಊರಲ್ಲಿ ಇರಲಿಲ್ಲ. ಅಪ್ಪ ಅಕ್ಕನ ಮುಖ ನೋಡಿದರು, ಕೆರೆ ನೋಡಿದರು. ಕೆಮ್ಮಿದರು. “ಹೌದು, ಹಾಗೂ ಉಂಟು,” ಎಂದರು.

“ನಮ್ಮದು ಹೊಳೆಬದಿ. ನನಗೆ ಬಲೆ ಗೊತ್ತು, ಗಾಳ ಅಷ್ಟಕ್ಕಷ್ಟೆ,” ಎನ್ನುತ್ತ ಭಾವ ಪಂಚೆ ಎತ್ತಿ ಕಟ್ಟಿದರು. ನಾನು ದಪ್ಪ ಹುಳವನ್ನೇ ಆರಿಸಿ ಕೊಟ್ಟೆ. ಬೆಂಡು ನೀರಿನ ಮೇಲೆ ತೇಲಿತು. ಒಮ್ಮೆ ಅಲುಗಿತು, ಸುಮ್ಮನಾಯಿತು. ಆಮೇಲೆ ಒಮ್ಮೆಲೇ ಮುಳುಗಿ ಮಾಯವಾಯಿತು. ಬಿದಿರು ಬಿಲ್ಲಿನಂತೆ ಬಾಗಿತು. ಭಾವ ಕಾಲು ಜಾರಿ, ಬಿಳಿ ಪಂಚೆ ಸಮೇತ ಕೆಸರಿನಲ್ಲಿ ಕೂತುಬಿಟ್ಟರು.

ಅಳಿಯನನ್ನು ‘ನೀವು’ ಎಂದು ಮಾತ್ರ ಕರೆಯುತ್ತಿದ್ದ ಅಪ್ಪ ಕುಣಿದಾಡುತ್ತ ಬೊಬ್ಬೆ ಹಾಕಿದರು: “ಬಿಡಬೇಡ ಮಾರಾಯ! ಎಳಿ, ಎಳಿ!”

ಕೂತಲ್ಲಿಂದಲೇ ಭಾವ ಎಳೆದರು. ಮೊಳದುದ್ದದ ಮುಗುಡು ಹುಲ್ಲಿನ ಮೇಲೆ ಬಿದ್ದು ಒದ್ದಾಡಿತು. ನಾನು ಕೈ ಹಾಕಲು ಹೋದೆ. “ಮುಟ್ಟಬೇಡ, ಕುತ್ತುತ್ತದೆ!” ಎಂದ ಭಾವ, ಅದರ ಪಕ್ಕದ ಮುಳ್ಳುಗಳ ಹಿಂದೆ ಬೆರಳಿಟ್ಟು ಹಿಡಿದು ಮಡಕೆಗೆ ಹಾಕಿದರು. ಆಮೇಲೆ ಇನ್ನೂ ಎರಡು ಸಣ್ಣವು ಸಿಕ್ಕಿದವು.

ಅಮ್ಮ ಬೂದಿ ಹಚ್ಚಿ ಮೀನಿನ ಲೋಳೆ ಉಜ್ಜಿ ತೆಗೆದಳು. ಕೊತ್ತಂಬರಿ, ಮೆಣಸು ಹುರಿದ ಪರಿಮಳ ಅಂಗಳದವರೆಗೆ ಬಂತು. ಭಾವ ಅಪ್ಪನ ಹಳೇ ಲುಂಗಿ ಉಟ್ಟು ಎಲೆಯ ಮುಂದೆ ಕೂತರು. “ಇನ್ನೊಂದು ತುಂಡು ಹಾಕಿಸಿಕೊಳ್ಳಿ, ನೀವೇ ಹಿಡಿದದ್ದಲ್ಲವೇ,” ಎನ್ನುತ್ತ ಅಪ್ಪ ಮತ್ತೆ ‘ನೀವು’ಗೆ ಬಂದಿದ್ದರು. ಆದರೂ ಆ ದಿನದಿಂದ ಭಾವ ನಮ್ಮ ಮನೆಗೆ ನೆಂಟರಾಗಿ ಉಳಿಯಲಿಲ್ಲ. ನೇರ ಅಡುಗೆಮನೆಗೇ ಬರುತ್ತಿದ್ದರು.

ಮಕ್ಕಳೇ, ಈಗ ನಿಮ್ಮ ಮನೆಗೆ ಯಾರಾದರೂ ಬರುತ್ತಾರೆಂದರೆ, ಅವರಿಗಿಂತ ಮೊದಲೇ ಊಟ ಸ್ಕೂಟರಿನಲ್ಲಿ ಬಂದಿರುತ್ತದೆ. ಬಿಸಿ ಇರುತ್ತದೆ, ರುಚಿಯೂ ಉಂಟು. ನಾನೂ ಚಪ್ಪರಿಸಿ ತಿಂದಿದ್ದೇನೆ. ಬಂದವರು ಇಸ್ತ್ರಿ ಕೆಡದ ಅಂಗಿಯಲ್ಲಿ ಸೋಫಾದ ಮೇಲೆ ಕೂರುತ್ತಾರೆ, ಉಣ್ಣುತ್ತಾರೆ, ಕೈತೊಳೆದು ಹೊರಡುತ್ತಾರೆ. ಮುಂದಿನ ಸಲ ಅವರಲ್ಲಿ ಒಬ್ಬರಿಗಾದರೂ ಏನಾದರೊಂದು ಕೆಲಸ ಕೊಟ್ಟು ನೋಡಿ. ಸ್ವಲ್ಪ ಕೆಸರಾಗುವ ಕೆಲಸವಾದರೆ ಒಳ್ಳೆಯದು.