ತಖ್ತೆಯಲ್ಲಿ ಕಾಣದ ಊರು

1983ರ ಬೇಸಿಗೆ. ಮಾನ್ವಿಯಿಂದ ದೇವದುರ್ಗದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ವರ್ಗವಾಗಿ ಬಂದಿದ್ದೆ. ನಾನು ಮೊದಲಿನಿಂದಲೂ ಚಿಂತೆಯ ಮನುಷ್ಯ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತಿರುವಿನಿಂದ ವಾಪಸು ಬಂದು ಮತ್ತೆ ಎಳೆಯುವವನು. ಅಂಥವನ ಕೈಗೆ ಬಾವಿಗಳ ತಖ್ತೆ ಸಿಕ್ಕಿತು.

ತಖ್ತೆ ಎಂದರೆ ಗೆರೆ ಹೊಡೆದ ದೊಡ್ಡ ಹಾಳೆ. ಮೇಲೆ ಅಡ್ಡಕ್ಕೆ ಊರುಗಳ ಹೆಸರು, ಎಡಬದಿಗೆ ಮೇಲಿಂದ ಕೆಳಗೆ ತಿಂಗಳುಗಳು. ಯಾವ ತಿಂಗಳು ಯಾವ ಊರ ಬಾವಿಯಲ್ಲಿ ಎಷ್ಟು ಅಡಿ ನೀರಿತ್ತು ಎಂಬುದು ಒಳಗೆ. ಊರು ಹೆಚ್ಚಿದಂತೆ ಹಾಳೆಗೆ ಹಾಳೆ ಗೋಂದು ಹಚ್ಚಿ ಅಂಟಿಸುತ್ತಾ ಹೋಗಿ ಅದು ಹಾಸಿಗೆಯಷ್ಟು ಅಗಲವಾಗಿತ್ತು. ಒಂದು ದಿನ ರಾಯಚೂರಿನಿಂದ ಫೋನು ಬಂತು. ಊರುಗಳು ಒಂದರ ಕೆಳಗೊಂದು ಬರಬೇಕು, ತಿಂಗಳುಗಳು ಅಡ್ಡಕ್ಕೆ ಹೋಗಬೇಕು. ನಾಳಿನ ಮೀಟಿಂಗಿನಲ್ಲಿ ಅದನ್ನು ನೋಡಿಯೇ ನೀರು ಬತ್ತುವ ಊರುಗಳಿಗೆ ಕೈಪಂಪು, ಅಂದರೆ ನಮ್ಮ ಕಡೆಯ ಬೋರಿಂಗು, ಮಂಜೂರು ಮಾಡುತ್ತಾರೆ. ತಖ್ತೆಯಲ್ಲಿಲ್ಲದ ಊರಿಗೆ ಬೋರಿಂಗೂ ಇಲ್ಲ.

ಸಹೋದ್ಯೋಗಿ ಮಹಬೂಬಸಾಬರು ಒಂದೊಂದು ಊರನ್ನು ಮೇಲಿಂದ ಕೆಳಕ್ಕೆ ಓದಿದರು. ನಾನು ಅದನ್ನು ಎಡದಿಂದ ಬಲಕ್ಕೆ ಬರೆದೆ. ನಿಂತಿದ್ದ ಊರುಗಳನ್ನೆಲ್ಲ ಹಿಡಿದು ಮಲಗಿಸಿದ ಹಾಗೆ. ಸಂಜೆಗೆ ಮುಗಿಯಿತು, ನನ್ನ ಚಿಂತೆ ಮುಗಿಯಲಿಲ್ಲ. ಮರುದಿನ ರಾಯಚೂರಿನ ಬಸ್ಸಿಗೆ ಅವರನ್ನೂ ಎಳೆದುಕೊಂಡು ಹೊರಟೆ.

"ಎರಡೂ ಹಾಳಿ ಇನ್ನೊಮ್ಮಿ ತಾಳಿ ಹಾಕಿ ನೋಡೋಣ್ರಿ," ಎಂದೆ.

"ನಿಮ್ಮ ತಲ್ಯಾಗ ಹುಳ ಅದ ನೋಡ್ರಿ ಅಣ್ಣೋರ," ಎಂದು ಗೊಣಗುತ್ತಲೇ ಅವರು ಹಳೆಯ ತಖ್ತೆ ಬಿಚ್ಚಿದರು. ಅದರ ಅಂಚು ಪಕ್ಕದಲ್ಲಿ ಕೂತಿದ್ದ ಮುದುಕಿಯ ಮಡಿಲಿಗೂ ಬಂತು. ಮಗಳ ಮನೆಯಿಂದ ಊರಿಗೆ ಹೊರಟಿದ್ದವಳು. ನಾನು ಹೊಸ ಹಾಳೆಯಿಂದ ಗಟ್ಟಿಯಾಗಿ ಓದತೊಡಗಿದೆ. ಊರುಗಳನ್ನು ರಸ್ತೆಯ ಕ್ರಮದಲ್ಲೇ ಬರೆದಿದ್ದರಿಂದ ನನ್ನ ಓದು ಕಂಡಕ್ಟರು ಸ್ಟಾಪು ಕೂಗಿದಂತೆ ಕೇಳಿಸುತ್ತಿತ್ತು.

ಮುದುಕಿ ತಟ್ಟನೆ ತಡೆದಳು. "ಯಪ್ಪಾ, ನಡುವ ನಮ್ಮೂರು ಬಿಟ್ಟೆಲ್ಲ?"

"ಯಾವೂರವ್ವಾ?"

ಹೇಳಿದಳು. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಊರವರು ಓದಿಬಿಟ್ಟರೆ ಎಂಬ ಭಯ ಇನ್ನೂ ಇದೆ. ಹೊಸ ಹಾಳೆ ನೋಡಿದೆ, ಇಲ್ಲ. ಹಳೆಯದನ್ನು ನೋಡಿದೆ, ಅದರಲ್ಲೂ ಇಲ್ಲ.

"ನನ್ನ ಬಸ್ಸು ದಿನಾ ನಿಂದ್ರತದ ಅಲ್ಲಿ," ಎಂದ ಕಂಡಕ್ಟರು. "ಸಾಹೇಬ್ರ ಹಾಳ್ಯಾಗಷ್ಟ ಎಕ್ಸ್‌ಪ್ರೆಸ್ ಹೋಗ್ಯದ!"

ಬಸ್ಸೆಲ್ಲ ನಕ್ಕಿತು. ಮುದುಕಿ ನಗಲಿಲ್ಲ. "ಬೋರಿಂಗು ಹಾಕ್ತೀವಂತ ತಿಂಗಳಾ ತಿಂಗಳಾ ಬಾವಿ ಅಳದು ಹೋದ್ರಿ. ಹಗ್ಗ ಇಳಿಸಿದಾವ ನನ್ನ ಮಗನ. ಈಗ ಹಳ್ಳದಾಗ ಉಸುಕು ತೋಡಿ ನೀರು ತರಾಕತ್ತೀವಿ. ಎಲ್ಲಿಟ್ರಿ ನಮ್ಮೂರು?"

ಮಹಬೂಬಸಾಬರು ಬೆರಳಿನಿಂದ ಹಳೆಯ ತಖ್ತೆಯನ್ನು ಸವರುತ್ತಾ ಬಂದು ಒಂದು ಜೋಡಣೆಯ ಬಳಿ ನಿಂತರು. ಅಲ್ಲಿ ಕಾಗದ ದಪ್ಪಗಿತ್ತು. ಅಂಟಿಸಿದವರು ಯಾರೋ ಮೇಲಿನ ಹಾಳೆಯನ್ನು ಕೆಳಗಿನದರ ಮೇಲೆ ತುಸು ಹೆಚ್ಚೇ ಎಳೆದು ಅಂಟಿಸಿದ್ದರು. ಕಿತ್ತರೆ ಎರಡೂ ಹರಿಯುತ್ತವೆ. ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದೆವು. ಮಸುಕಾಗಿ ಒಂದು ಊರಿನ ಹೆಸರು, ಅದರ ಕೆಳಗೆ ಅಂಕಿಗಳ ಸಾಲು ಕಂಡಿತು. ಅಷ್ಟರಲ್ಲಿ ಗಾಳಿ ಹಾಳೆಯನ್ನು ಹೊರಗೆ ಸೆಳೆಯಿತು.

"ಗಟ್ಟಿ ಹಿಡಿಯಪ್ಪಾ! ಇದು ಹಾರಿದ್ರ ಎಲ್ಲಾ ಊರೂ ಹೋಗ್ತಾವ!" ಎಂದು ಮುದುಕಿ ಎರಡೂ ಕೈಯಿಂದ ಅಂಚು ಹಿಡಿದಳು.

ನಾನು ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದೆ. ಚಳಿಗಾಲದವರೆಗೆ ಒಂದೆರಡು ಅಡಿ. ಆಮೇಲೆ ಸೊನ್ನೆ. ಮತ್ತೆ ಸೊನ್ನೆ. ಮತ್ತೆ ಸೊನ್ನೆ.

"ಹೌದಪ್ಪಾ," ಎಂದಳು ಮುದುಕಿ, "ಅದ ನಮ್ಮೂರು."

ಅಷ್ಟರಲ್ಲಿ ಅವಳ ಸ್ಟಾಪು ಬಂತು. ಕಂಡಕ್ಟರು ಸೀಟಿ ಊದಿದ. ಅವಳು ಏಳಲಿಲ್ಲ.

"ಇಳಿ ಯವ್ವಾ, ಊರು ಬಂತು."

"ಇಲ್ಲಿ ಬಂದದ, ಹಾಳ್ಯಾಗ ಇನ್ನಾ ಬಂದಿಲ್ಲ. ಬರೀಲಿ ತಡಿ."

ಕಂಡಕ್ಟರು ನನ್ನ ಮುಖ ನೋಡಿದ. "ಬರೀರಿ ಸಾಹೇಬ್ರ. ಗಾಡಿ ಅಲುಗಿದ್ರ ಸೊನ್ನೀನೂ ಆರು ಆಗ್ತದ." ಬಸ್ಸು ಅಲ್ಲೇ ನಿಂತಿತು. ಮಲಗಿಸಿದ ಊರುಗಳ ನಡುವೆ ಜಾಗವಿರಲಿಲ್ಲ. ಕೆಳಗೆ, ಗೆರೆಯ ಆಚೆ, ಆ ಊರಿಗೊಂದು ಸಾಲು ಬರೆದೆ. ಮುದುಕಿಗೆ ಓದು ಬರುತ್ತಿರಲಿಲ್ಲ. ಆದರೂ ಸಾಲು ಮುಗಿಯುವವರೆಗೆ ಪೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಇಳಿದು ಹಿಂದೆ ತಿರುಗದೆ ಹೋದಳು.

ಮೀಟಿಂಗಿನಲ್ಲಿ ಸಾಹೇಬರು ಕನ್ನಡಕ ಏರಿಸಿ ಕೇಳಿದರು, "ಈ ಊರು ಯಾಕ್ರಿ ಗೆರಿ ಹೊರಗ ಕುಂತದ?"

ಗಾಬರಿಯಲ್ಲಿ, "ದಾರ್ಯಾಗ ಹತ್ತಿತ್ರಿ," ಎಂದುಬಿಟ್ಟೆ. ಅವರಿಗೆ ಏನು ಅರ್ಥವಾಯಿತೋ, ಸೊನ್ನೆಗಳ ಮೇಲೆ ಬೆರಳಾಡಿಸಿ ಮುಂದೆ ಕೆಂಪು ಗುರುತು ಹಾಕಿದರು.

ಈಗ ನಾನು ರಾಯಚೂರಿನಲ್ಲೇ ಇದ್ದೇನೆ. ಆಗಾಗ ದೇವದುರ್ಗಕ್ಕೆ ಹೋಗುವಾಗ ಆ ಊರ ಬಳಿ ಕಿಟಕಿಗೆ ವಾಲುತ್ತೇನೆ. ಬೋರಿಂಗು ನಿಂತಿದೆ. ಆದರೆ ನಾನು ನೋಡುವುದು ಅದನ್ನಲ್ಲ, ಅದರ ಬುಡವನ್ನು. ಕೆಟ್ಟ ಬೋರಿಂಗೂ ದೂರದಿಂದ ನೆಟ್ಟಗೇ ಕಾಣುತ್ತದೆ. ಬುಡದಲ್ಲಿ ಕೆಸರು ಕಂಡಾಗ, ನೀರು ಬರುತ್ತಿದೆ ಎಂದು ಎದೆ ಹಗುರಾಗುತ್ತದೆ. ಮುಂದಿನ ಊರು ಬರುವವರೆಗೆ.