ಕುಜ ಒಡೆದುಹೋದರೆ

ಧೂಮಕೇತುವೊಂದು ಮಂಗಳ ಗ್ರಹಕ್ಕೆ ಅಪ್ಪಳಿಸಬಹುದೆಂಬ ಸುದ್ದಿ ಹಬ್ಬಿದ್ದ ಕಾಲ. ಒಂಟಿಕೊಪ್ಪಲಿನಲ್ಲಿ ಅದರ ಬಗ್ಗೆ ಭಾಷಣ ಮುಗಿಸಿ ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದೆ. ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಹತ್ತಿರ ಬಂದರು.

“ಸಾರ್, ಅದು ಬಿದ್ದು ಕುಜ ಒಡ್ದೋದ್ರೆ ಇವಳ ಜಾತಕದಲ್ಲಿರೋ ಕುಜದೋಷಾನೂ ಹೋಗ್ಬುಡುತ್ತಾ? ಅದೊಂದ್ರಿಂದ್ಲೇ ಬಂದ ಗಂಡುಗಳೆಲ್ಲಾ ವಾಪಸ್ ಹೋದ್ರು ಕಣ್ರೀ.”

ಆ ಮಗಳು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು; ಆಗಷ್ಟೇ ಎಲ್ಲರೆದುರು ನನ್ನ ಲೆಕ್ಕದ ತಪ್ಪೊಂದನ್ನು ತಿದ್ದಿದ್ದಳು. ‘ನೀವಾದ್ರೂ ಅಮ್ಮನಿಗೆ ಹೇಳಬಾರದಾ’ ಎನ್ನುವ ಹಾಗೆ ಅವಳತ್ತ ನೋಡಿದೆ. ತಲೆ ತಗ್ಗಿಸಿದಳು.

“ಬೀಳೋ ಸಂಭವ ತುಂಬಾ ಕಡಿಮೆ ಕಣಮ್ಮ,” ಎಂದೆ ತಾಯಿಗೆ.

ಮಗಳು ಮೆಲ್ಲಗೆ ಕೇಳಿದಳು: “ಸೊನ್ನೆ ಅಲ್ಲ ತಾನೇ ಸಾರ್?”

ವಿಜ್ಞಾನ ಹೇಳಲು ಹೋಗಿದ್ದ ನಾನು, ಆ ಧೂಮಕೇತು ಗುರಿ ತಪ್ಪದಿರಲಪ್ಪಾ ಎಂದು ಬೇಡಿಕೊಳ್ಳುತ್ತಾ ಬಸ್‌ಸ್ಟಾಪಿಗೆ ನಡೆದೆ.