ಪಟ್ಟರಿಗೆ ತಾತ ಉಳಿ ಹಾಕಿದ್ದು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಹುತ್ತೂರಿನ ನಮ್ಮ ಮನೆಯಿಂದ ನನ್ನನ್ನು ಮಾಲೂರು ಕಡೆಯ ಅಜ್ಜಿ ಊರಿಗೆ ಸಾಗಹಾಕುವುದು ವಾಡಿಕೆ. ನಿಮ್ಮಲ್ಲಿ ಎಷ್ಟೋ ಮಂದಿ ಹಾಗೆ ಅಜ್ಜಿ ಊರಿಗೆ ಹೋದವರೇ ಇರುತ್ತೀರಿ. ನಿಮ್ಮ ಮಾವಂದಿರು ನಿಮಗೆ ಬಾವಿಯಲ್ಲಿ ಈಜು ಕಲಿಸಿರಬಹುದು, ತೋತಾಪುರಿ ಸೀಳಿ ಉಪ್ಪುಖಾರ ಹಚ್ಚಿ ಕೊಟ್ಟಿರಬಹುದು. ನನ್ನ ಮುನಿರಾಜು ಮಾವ ನನಗೆ ಕಲಿಸಿದ್ದು ಗಾಲ್ಫ್ ಕೋಲಿನ ಮುಖ ತಿಕ್ಕುವುದನ್ನು.

ನಗಬೇಡಿ. ಅಜ್ಜಿ ಊರಿನಾಚೆ ನೀಲಗಿರಿ ತೋಪು, ತೋಪಿನಾಚೆ ತಂತಿಬೇಲಿ, ಬೇಲಿಯೊಳಗೆ ಗಾಲ್ಫ್ ಮೈದಾನ. ಬೆಂಗಳೂರಿನಿಂದ ಕಾರಿನಲ್ಲಿ ಬಂದು ಆಡುವವರ ಬ್ಯಾಗು ಹೊರುವುದು ಮಾವನ ಕೆಲಸ. ಅದಕ್ಕೆ ಮುಂಚೆ ಅವನು ಇಟ್ಟಿಗೆ ಗೂಡಿನಲ್ಲಿದ್ದ. ಗೂಡಿನ ಹೊಗೆ, ಕೆಂಪು ದೂಳು ಎರಡೂ ಎದೆಗೆ ಇಳಿದು, ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡು ನಡೆಯುವಂತಾಗಿದ್ದ. ಮೈದಾನದ ಗಾಳಿಗೆ ಬಂದ ಮೇಲೆ ಮುಖಕ್ಕೆ ರಕ್ತ ಬಂತು ಅಂತ ಅಜ್ಜಿ ಹೇಳುತ್ತಿದ್ದಳು.

ಸೋಮವಾರ ಮೈದಾನಕ್ಕೆ ರಜೆ. ಅವತ್ತು ಬ್ಯಾಗು ಹೊರುವವರು ಆಡಿಕೊಳ್ಳಬಹುದು. ಹಾಗೆ ಸೋಮವಾರಗಳಲ್ಲಿ ಆಡಿ ಆಡಿಯೇ ಮಾವ ಆಟ ಕಲಿತಿದ್ದ. ಚೆನ್ನಾಗಿಯೇ ಕಲಿತಿದ್ದ. ಚೆಂಡಿನ ಮುಂದೆ ಬಗ್ಗಿ ನಿಂತನೆಂದರೆ, ನೊಣ ಬಂದು ಕಿವಿಯ ಮೇಲೆ ಕೂತರೂ ಅಲ್ಲಾಡುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೈದಾನಕ್ಕೆ ಬ್ಯಾಟರಿ ಗಾಡಿಗಳು ಬರುತ್ತವಂತೆ, ಮಳೆಗಾಲ ಕಳೆಯುತ್ತಲೇ ಬ್ಯಾಗು ಹೊರುವವರು ಬೇಡವಂತೆ. ಆದರೆ ಮಕ್ಕಳಿಗೆ ಆಟ ಕಲಿಸುವ ಕೋಚ್ ಸಾಹೇಬರಿಗೆ ಒಬ್ಬ ಸಹಾಯಕ ಬೇಕು. ಮೇ ತಿಂಗಳ ಕೊನೆಯ ಸೋಮವಾರ ಬ್ಯಾಗು ಹೊರುವವರನ್ನೆಲ್ಲ ಆಡಿಸಿ, ಗೆದ್ದವನನ್ನು ಅವರು ಇಟ್ಟುಕೊಳ್ಳುತ್ತಾರೆ. ಉಳಿದವರು ಅವರವರ ದಾರಿ ನೋಡಿಕೊಳ್ಳಬೇಕು. ಮಾವನಿಗೆ ಇದ್ದ ದಾರಿ ಗೂಡಿನದೊಂದೇ.

"ಗೆದ್ರೆ ಗೆದ್ದೆ, ಇಲ್ದಿದ್ರೆ ಮನೇಲಿ ಬಿದ್ದಿರು," ಅಜ್ಜಿ ರಾಗಿ ಕೇರುತ್ತಾ ಹೇಳಿದಳು. "ಗೂಡಿಗೆ ಮಾತ್ರ ನಾನು ಕಳ್ಸಲ್ಲ ಕಣೋ. ಆ ಕೆಮ್ಮು ಇನ್ನೊಂದು ಸಲ ಬಂದ್ರೆ ನಿನ್ನ ಬಿಡಲ್ಲ."

"ಮನೇಲಿ ಬಿದ್ದಿದ್ರೆ ಮುದ್ದೆ ಯಾರಮ್ಮ ಹಾಕ್ತಾರೆ?"

"ನಾನ್ ಹಾಕ್ತೀನಿ. ನೀನ್ ತಿನ್ನೋದೆಷ್ಟು, ಗುಬ್ಬಿ ತಿಂದಂಗೆ."

ಮಾವ ನಕ್ಕ. ಅಜ್ಜಿ ನಗಲಿಲ್ಲ.

ದೂರಕ್ಕೆ ಹೊಡೆಯುವ ಕೋಲುಗಳು ಮೈದಾನದ ಹಳೇ ಬ್ಯಾಗಿನಲ್ಲಿ ಇರುತ್ತಿದ್ದವು, ಎಲ್ಲರೂ ಹಂಚಿಕೊಂಡು ಆಡಬಹುದು. ಆದರೆ ಕೊನೆಗೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಕೋಲು, ಅದೇ ಪಟ್ಟರ್, ಅವರವರದ್ದು ಅವರವರಿಗೆ. ಅಂಥ ದಿನ ಯಾರು ಯಾರಿಗೆ ಕೊಟ್ಟಾರು? ಮಾವನ ಹತ್ತಿರ ಇದ್ದದ್ದು ಯಾರೋ ಆಟಗಾರರು ಬೇಡವೆಂದು ಷೆಡ್ಡಿನ ಹಿಂದೆ ಬಿಸಾಕಿದ್ದು. ಕೇಳಿ ಮನೆಗೆ ತಂದಿದ್ದ. ಅದರ ಕಬ್ಬಿಣದ ಮುಖವೆಲ್ಲ ಸಿಡುಬು ಬಂದವರ ಹಾಗೆ ತುಕ್ಕಿನ ಕುಳಿಗಳು.

"ಮುಖ ಸಮ ಇಲ್ದಿದ್ರೆ ಚೆಂಡು ಎಲ್ಲೋ ನೋಡ್ತದೆ, ಎಲ್ಲೋ ಹೋಗ್ತದೆ," ಅಂದ ಮಾವ. "ಬಾರೇ ಭಾಗ್ಯ, ಇದಕ್ಕೆ ಹೊಸ ಮುಖ ಮಾಡನ."

ಮೊದಲು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೆಂಗಿನ ನಾರಿನಿಂದ ಉಜ್ಜಿದೆವು. ಆಮೇಲೆ ಅಡುಗೆಮನೆಯ ಕಡಪ ಕಲ್ಲಿನ ಮೇಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ, ಅದರ ಮೇಲೆ ಉಪ್ಪುಕಾಗದ ಹಾಸಿ, ನೀರು ಚಿಮುಕಿಸಿ, ಪಟ್ಟರಿನ ಮುಖ ಬೋರಲು ಹಾಕಿ ತಿಕ್ಕಿದೆವು. ನಾನು ಕಾಗದ ಜರುಗದ ಹಾಗೆ ಎರಡೂ ಕೈಯಲ್ಲಿ ಅದುಮಿ ಹಿಡಿದಿರಬೇಕು. ಮಾವ ಮಗುವಿಗೆ ಎಣ್ಣೆ ನೀವಿದ ಹಾಗೆ ಸುತ್ತಿ ಸುತ್ತಿ ತಿಕ್ಕುತ್ತಿದ್ದ. ಆಗಾಗ ದೀಪದ ಮಸಿ ಬಳಿದು ಒಂದೇ ಒಂದು ಎಳೆತ ಎಳೆದು ತಿರುಗಿಸಿ ನೋಡುವುದು. ಮಸಿ ಉಳಿದ ಕಡೆ ಇನ್ನೂ ತಗ್ಗು ಅಂತ ಲೆಕ್ಕ. ಆ ಸೀಮೆಎಣ್ಣೆ, ಕಬ್ಬಿಣ, ಮಸಿ ಕಲೆತ ವಾಸನೆ ನನ್ನ ಉಗುರಿನಿಂದ ಹೋಗದೆ, ಮಾವಿನಹಣ್ಣು ತಿಂದರೂ ಅದೇ ವಾಸನೆ.

"ನನ್ನ ಕಡಪ ಕಲ್ಲು ಸವೆದುಹೋಯ್ತು," ಅಂತ ಅಜ್ಜಿ ಗೊಣಗುತ್ತಿದ್ದಳು. ಆದರೆ ಬೆಳಗ್ಗೆ ಅಂಗಳ ಸಾರಿಸುವಾಗ ಸಗಣಿಯನ್ನು ಬಟ್ಟೆಯಲ್ಲಿ ಸೋಸಿಕೊಂಡು, ಒಂದು ಕಡ್ಡಿಯೂ ಸಿಕ್ಕದ ಹಾಗೆ ನುಣ್ಣಗೆ ಸಾರಿಸಿಕೊಡುತ್ತಿದ್ದಳು. ಆ ಅಂಗಳವೇ ನಮ್ಮ ಮೈದಾನ. ತೆಂಗಿನ ಚಿಪ್ಪು ಹೂತು ಕುಳಿ ಮಾಡಿದ್ದೆವು. ಮಾವ ಉರುಳಿಸುವುದು, ನಾನು ಹೆಕ್ಕಿ ಕೊಡುವುದು. ಚೆಂಡು ಚಿಪ್ಪಿಗೆ ಬಿದ್ದರೆ ಟೊಳ್ ಅಂತ ಒಂದು ಸದ್ದು. ಮೇ ತಿಂಗಳ ನಡುವಿಗೆ ಬರುವ ಹೊತ್ತಿಗೆ ಆ ಸದ್ದು ಎಡೆಬಿಡದೆ ಕೇಳುತ್ತಿತ್ತು.

ಇದನ್ನೆಲ್ಲ ಜಗಲಿಯ ಮೇಲೆ ಕೂತು ನೋಡುತ್ತಿದ್ದವನು ತಾತ. ತಾತ ಕಲ್ಲಿಗೆ ಉಳಿ ಹಾಕುವವನು. ರಾಗಿ ಬೀಸುವ ಕಲ್ಲು, ಒರಳು ಕಲ್ಲು ಸವೆದು ನುಣುಪಾದರೆ ಕಾಳು ಜಾರುತ್ತದೆ, ಹಿಟ್ಟು ಬೀಳುವುದಿಲ್ಲ. ಆಗ ಉಳಿ ಇಟ್ಟು ಸುತ್ತಿಗೆಯಲ್ಲಿ ಸಣ್ಣ ಸಣ್ಣ ಪೆಟ್ಟು ಹಾಕಿ ಕಲ್ಲಿನ ಮೈಯನ್ನು ತರಿ ತರಿ ಮಾಡಬೇಕು. ಬೈರಕೂರಿನ ತನಕ ನಡೆದು ಹೋಗಿ ಕಲ್ಲು ಹೊಡೆದು ಬಂದವನು. ಮಿಕ್ಸಿ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಮಾವನ ಆಟದ ಬಗ್ಗೆ ಅವನು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಚೆಂಡು ಚಿಪ್ಪಿಗೆ ಬಿದ್ದಾಗ ಮಾತ್ರ ಬೀಡಿ ಬಾಯಿಂದ ತೆಗೆಯುತ್ತಿದ್ದ.

ಕೊನೆಯ ಶನಿವಾರ ಸಂಜೆ ಮಾವನಿಗೆ ಏನೋ ಅಸಮಾಧಾನ. ಉರುಳಿಸಿದ ಚೆಂಡುಗಳು ಒಂದರ ಹಿಂದೆ ಒಂದು ಚಿಪ್ಪಿನ ಅಂಚು ಸವರಿಕೊಂಡು ಹೋದವು.

"ಏನೋ?" ಅಂದ ತಾತ. ಆ ಬೇಸಿಗೆಯಲ್ಲಿ ಅವನು ಆಟದ ಬಗ್ಗೆ ಕೇಳಿದ ಮೊದಲ ಮಾತು.

"ಏನಿಲ್ಲಪ್ಪ. ಮುಖ ಜಾಸ್ತಿ ನುಣುಪಾಯ್ತೋ ಏನೋ. ಚೆಂಡು ಜಾರ್ದಂಗಾಗ್ತದೆ, ಹಿಡೀತಿಲ್ಲ."

ಸುಸ್ತಿನಲ್ಲಿ ಆಡಿದ ಮಾತು. ಮಾವ ಆಡಿ ಮರೆತ, ಕೈಕಾಲು ತೊಳೆಯಲು ಹೋದ. ತಾತ ಮರೆಯಲಿಲ್ಲ.

ಭಾನುವಾರ ಮೈದಾನದಲ್ಲಿ ಜನ ಜಾಸ್ತಿ, ಮಾವ ಹೊತ್ತು ಹುಟ್ಟುವ ಮುಂಚೆಯೇ ಬ್ಯಾಗು ಹೊರಲು ಹೋದ. ಅಜ್ಜಿ ನನ್ನನ್ನು ಕರೆದುಕೊಂಡು ಕೆರೆಯಂಚಿನ ತೋಟಕ್ಕೆ ಉದುರಿದ ಮಾವಿನಕಾಯಿ ಆರಿಸಲು ಹೋದಳು. ಮಧ್ಯಾಹ್ನ ಕುಕ್ಕೆ ಹೊತ್ತು ಬರುವಾಗ ಬೀದಿಯ ತಿರುವಿಗೇ ಸುತ್ತಿಗೆ ಸದ್ದು ಕೇಳಿಸಿತು.

"ಯಾರೋ ಕಲ್ಲು ತಂದಿರ್ಬೇಕು," ಅಂದಳು ಅಜ್ಜಿ. ಅವಳ ಮುಖದಲ್ಲಿ ಸಂತೋಷ ಇತ್ತು. ನಾಲ್ಕು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟಳು. ಕಲ್ಲಿಗೆ ಬಿದ್ದ ಉಳಿಯ ಸದ್ದು ಮೊಂಡಾಗಿರುತ್ತದೆ. ಇದು ಟಣ್, ಟಣ್ ಅನ್ನುತ್ತಿತ್ತು.

ತಾತ ಜಗಲಿಯಲ್ಲಿ ಕಾಲು ಚಾಚಿ ಕೂತು, ಎರಡೂ ಪಾದಗಳ ನಡುವೆ ಪಟ್ಟರನ್ನು ಅಲ್ಲಾಡದ ಹಾಗೆ ಸಿಕ್ಕಿಸಿಕೊಂಡಿದ್ದ. ಅದರ ಮುಖದ ಮೇಲೆ ಒಂದು ತುದಿಯಿಂದ ಸಾಲುಸಾಲಾಗಿ, ಒಂದಕ್ಕೊಂದು ತಾಕದ ಹಾಗೆ, ಉಳಿಯ ಪೆಟ್ಟುಗಳು. ಬೀಸುವ ಕಲ್ಲಿಗೆ ಹಾಕುತ್ತಾನಲ್ಲ, ಅಷ್ಟೇ ಅಚ್ಚುಕಟ್ಟು. ಆಚೆ ತುದಿಯಲ್ಲಿ ಒಂದು ಹೆಬ್ಬೆರಳಿನಗಲ ಮಾತ್ರ ಉಳಿದಿತ್ತು.

ಅಜ್ಜಿಗೆ ಸಂಕಟವಾದರೆ ತೆಲುಗು ಬರುತ್ತಿತ್ತು. "ಏಂ ಪನಿ ಚೇಸಿನಾವಯ್ಯಾ," ಅಂದಳು, ಎಂಥ ಕೆಲಸ ಮಾಡಿದೆಯಯ್ಯಾ ಅಂತ. ಕುಕ್ಕೆ ಇಳಿಸುವುದನ್ನೂ ಮರೆತಿದ್ದಳು.

ತಾತ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. ಬೆವರಿದ್ದ, ಖುಷಿಯಾಗಿದ್ದ. "ಇನ್ನು ಜಾರಲ್ಲ," ಅಂದ. "ನಾನು ಉಳಿ ಹಾಕಿದ ಮೇಲೆ ಸಾಸಿವೆ ಕಾಳೂ ಜಾರಿಲ್ಲ, ಚೆಂಡು ಜಾರ್ತದಾ?"

ಅಜ್ಜಿ ಅವನ ಕೈಯಿಂದ ಸುತ್ತಿಗೆ ಮೆಲ್ಲಗೆ ತೆಗೆದುಕೊಂಡಳು. "ಸಾಕು ಬಿಡು, ಊಟದ ಹೊತ್ತಾಯ್ತು," ಅಂದಳಷ್ಟೆ. ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ನಿಮ್ಮ ಮಾವ ಬಂದಾಗ ಏನೂ ಕೂಗಾಡ್ದಂಗೆ ನೋಡ್ಕೋಬೇಕು ಕಣೇ," ಅಂದಳು.

ಮಾವ ಕೂಗಾಡಲಿಲ್ಲ. ಸಂಜೆ ಬಂದವನು ಪಟ್ಟರನ್ನು ಕೈಗೆ ತೆಗೆದುಕೊಂಡು, ಬೆರಳು ಆಡಿಸಿ, ಜಗಲಿಯ ಕಡೆ ನೋಡಿದ. ತಾತ ಕಾಯುತ್ತಿದ್ದ, ಏನನ್ನುತ್ತಾನೋ ಅಂತ.

"ನೀನೇ ಹಾಕಿದ್ದಾ ಅಪ್ಪ?"

"ಮತ್ತೆ ಇನ್ಯಾರು ಹಾಕ್ತಾರೆ?"

"ಚೆನ್ನಾಗೈತೆ," ಅಂದ ಮಾವ. ಹಾಗೇ ಒಳಗೆ ಬಂದು ಕಡಪ ಕಲ್ಲಿನ ಮೇಲೆ ಎರಡೂ ಕೈ ಊರಿ ನಿಂತುಕೊಂಡ. ಅವನ ಹೆಗಲು ಅಲ್ಲಾಡಿತು. ಕೆಮ್ಮು ಅಂತಲೇ ನಾನು ಅಂದುಕೊಂಡೆ.

ಉಪ್ಪುಕಾಗದ ಹಾಸಿ ತಿಕ್ಕಲು ಕೂತೆವು. ಸದ್ದು ಹೊರಗೆ ಕೇಳದಿರಲೆಂದು ಅಜ್ಜಿ ರುಬ್ಬಲು ಕೂತಳು, ರುಬ್ಬುವುದೇನೂ ಇರಲಿಲ್ಲ, ನೆನೆಸದ ಅಕ್ಕಿ ಹಾಕಿಕೊಂಡು ತಿರುಗಿಸಿದಳು. ಉಳಿಯ ಗುರುತುಗಳು ಆಳ ಇದ್ದವು. ಮಸಿ ಬಳಿದು ಎಳೆದು ನೋಡಿದರೆ ಪ್ರತಿ ಗುರುತಿನಲ್ಲೂ ಕಪ್ಪು ಹಾಗೇ ಕೂತಿರುತ್ತಿತ್ತು. ಮಾವ ಅದುಮಿ ತಿಕ್ಕಿದ. ಅದುಮಿದ್ದೇ ತಪ್ಪಾಯಿತು, ಒಂದು ಕಡೆ ಹೆಚ್ಚು ಸವೆದು ಮುಖ ಓರೆಯಾಯಿತು. ಅದನ್ನು ಸರಿಮಾಡಲು ಇನ್ನೊಂದು ಕಡೆ ತಿಕ್ಕಿದ. ಅದು ಇನ್ನೊಂದು ಓರೆ. ತೆಗೆಯುತ್ತಾ ಹೋಗಬಹುದೇ ಹೊರತು ಕಬ್ಬಿಣವನ್ನು ಮತ್ತೆ ಅಂಟಿಸಲಾಗುವುದಿಲ್ಲ. ನನ್ನ ಬೆರಳ ತುದಿ ಕಿತ್ತು ರಕ್ತ ಬಂದು ಕಾಗದ ಕೆಂಪಾಗಿದ್ದನ್ನು ನೋಡಿ ಅವನು ಕೈ ನಿಲ್ಲಿಸಿದ.

"ಸಾಕು ಪಾಪಾ. ಇರೋದ್ರಲ್ಲೇ ಆಡ್ತೀನಿ."

ಸೋಮವಾರ ನನ್ನನ್ನು ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗಿ ನೀಲಗಿರಿ ತೋಪಿನಲ್ಲಿ ಬಿಟ್ಟ. ಅಲ್ಲಿಂದ ಬೇಲಿಯಾಚೆ ಕೊನೆಯ ಕುಳಿ ಕಾಣುತ್ತಿತ್ತು, ಉಳಿದದ್ದು ದಿಬ್ಬದ ಹಿಂದೆ. ಬಿಸಿಲೇರಿತು. ಒಬ್ಬೊಬ್ಬರಾಗಿ ಬಂದು ಕೊನೆಯ ಕುಳಿ ಮುಗಿಸಿ ಹೋದರು. ಪಕ್ಕದ ಊರಿನ ಮಂಜ ಬಂದು ಮುಗಿಸಿ, ಬೇಲಿಯ ಹತ್ತಿರ ನೀರು ಕುಡಿಯಲು ಬಂದವನು ನನ್ನನ್ನು ನೋಡಿದ.

"ನಿಮ್ಮ ಮಾವ ಏನಮ್ಮ ಆಟ ಆಡ್ತಾವ್ನೆ. ಪಟ್ಟರ್ ತುದೀಲಿ ಹೊಡೀತಾವ್ನೆ, ಬರೀ ತುದೀಲಿ. ಆದ್ರೂ ಬೀಳ್ತಾವೆ. ಇಲ್ಲಿ ಪಟ್ಟರಲ್ಲಿ ಒಂದೇ ಏಟಿಗೆ ಹಾಕಿದ್ರೆ ನನಗೆ ಸಮ, ಮತ್ತೆ ಆಡಿಸ್ತಾರೆ. ಹಾಕ್ದಿದ್ರೆ ನಂದೇ."

ಉಳಿ ಬೀಳದೆ ಉಳಿದ ಆ ಹೆಬ್ಬೆರಳಿನಗಲದಲ್ಲಿ ಮಾವ ಬೆಳಗ್ಗಿನಿಂದ ಆಡಿದ್ದ.

ಮಾವ ದಿಬ್ಬ ಇಳಿದು ಬಂದ. ಅವನ ಚೆಂಡು ಕುಳಿಯಿಂದ ದೂರದಲ್ಲಿತ್ತು, ನಮ್ಮ ಅಂಗಳದ ಉದ್ದಕ್ಕಿಂತ ದೂರ. ತುದಿಯಲ್ಲಿ ಹೊಡೆದರೆ ಅಷ್ಟು ದೂರ ಉರುಳದು. ಅದು ನನಗೂ ತಿಳಿಯುತ್ತಿತ್ತು. ಅವನು ಬಗ್ಗಿದ, ತುದಿಯನ್ನು ಚೆಂಡಿಗೆ ಹಿಡಿದ, ಬಿಟ್ಟು ನಿಂತ. ಮತ್ತೆ ಬಗ್ಗಿದ. ಈ ಸಲ ಪಟ್ಟರಿನ ನಡುಭಾಗ ಹಿಡಿದ. ಅಲ್ಲಾಡದೆ ನಿಂತ. ನಾನು ತಂತಿಬೇಲಿಯನ್ನು ಕಚ್ಚಿ ಹಿಡಿದ ಹಾಗೆ ಹಿಡಿದುಕೊಂಡಿದ್ದೆ.

ಚೆಂಡು ಹೊರಟಿತು. ಹೊರಡುವಾಗಲೇ, ಬಿಸಿ ಬಾಣಲೆಯಲ್ಲಿ ಸಾಸಿವೆ ಹಾರಿದ ಹಾಗೆ, ಒಂದು ಸಣ್ಣ ಹಾರು ಹಾರಿತು. ಅಷ್ಟೇ. ಆಮೇಲೆ ನುಣ್ಣಗೆ, ಬೇಕಾದಷ್ಟು ದೂರ ಉರುಳಿ, ಕುಳಿಯ ಪಕ್ಕದಲ್ಲಿ, ಒಂದು ಗೇಣು ಆಚೆ ನಿಂತಿತು. ಮಾವ ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಕೋಚ್ ಸಾಹೇಬರು ಬಂದು ಬೆನ್ನು ಮುಟ್ಟಿದ ಮೇಲೆ ನೆಟ್ಟಗಾದ.

ನಾವು ಮನೆ ಹತ್ತಿರ ಬರುವಾಗ ತಾತ ಜಗಲಿ ಬಿಟ್ಟು ಬೀದಿಗೇ ಬಂದು ನಿಂತಿದ್ದ.

"ಹಿಡೀತೇನೋ?"

"ಬಾಳ ಚೆನ್ನಾಗಿ ಹಿಡೀತು ಅಪ್ಪ."

"ಮತ್ತೆ?"

"ಮಂಜ ಒಳ್ಳೆ ಆಟ ಆಡ್ದ. ಇವತ್ತು ಅವನ ದಿನ, ಏನ್ ಮಾಡನ."

ತಾತ ನನ್ನ ಕಡೆ ತಿರುಗಿದ. ನಾನೂ ಹೂಂ ಅಂದೆ. ಅವನು ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು, ಪಟ್ಟರಿನ ಮುಖದಲ್ಲಿ ತಿಕ್ಕಿದ ಗುರುತನ್ನು ನೋಡಿದ. ಒಳಗೆ ಹೋದ.

ಅದೇ ವಾರ ವೆಂಕಟಮ್ಮ ಅನ್ನುವ ನೆರೆಮನೆಯವಳು ಬೀಸುವ ಕಲ್ಲನ್ನು ತಲೆಯ ಮೇಲೆ ಹೊತ್ತು ತಂದು ಜಗಲಿಗೆ ಇಳಿಸಿದಳು. "ಉಳಿ ಹಾಕ್ಕೊಡು ಮಾವಯ್ಯ, ಹಿಟ್ಟೇ ಬೀಳ್ತಿಲ್ಲ."

"ಕಣ್ಣು ಕಾಣ್ಸಲ್ಲಮ್ಮ ಈಗ. ಬೇರೆ ಯಾರಿಗಾದ್ರೂ ಕೊಡು."

ಕಣ್ಣು ಕಾಣದ ಮನುಷ್ಯ ಅವತ್ತು ಬೆಳಗ್ಗೆ ತಾನೆ ಕರುವಿನ ಕಿವಿಯಿಂದ ಉಣ್ಣೆ ಹುಳಗಳನ್ನು ಒಂದೊಂದಾಗಿ ಹೆಕ್ಕಿದ್ದ.

ಈಗ ತಾತನೂ ಇಲ್ಲ, ಅಜ್ಜಿಯೂ ಇಲ್ಲ. ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಮಾವನಿಗೆ ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಆ ಸೋಮವಾರ ಒಂದು ಕೆಲಸ ತಪ್ಪಿತು ಅಂತಷ್ಟೇ ನಾನು ಬಹಳ ವರ್ಷ ಲೆಕ್ಕ ಹಾಕಿಕೊಂಡಿದ್ದೆ. ತಪ್ಪಿದ್ದು ಅದಕ್ಕಿಂತ ಹೆಚ್ಚು. ಮುಂಚೆಯೆಲ್ಲ ಮಾವನ ಚಪ್ಪಲಿ ಕಿತ್ತರೆ ಹೊಲಿಯುತ್ತಿದ್ದವನು, ಅವನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಾತನೇ. ಕೇಳುವ ಮುಂಚೆಯೇ ಆಗಿರುತ್ತಿತ್ತು. ಆ ಬೇಸಿಗೆಯ ನಂತರ ಅವನು ಮಾವನ ಯಾವ ವಸ್ತುವನ್ನೂ ಮುಟ್ಟಲಿಲ್ಲ. ಮುಟ್ಟಪ್ಪ ಅಂತ ಹೇಳಲು ಮಾವನಿಗೂ ಬಾಯಿ ಬರಲಿಲ್ಲ. ದಸರಾ ರಜೆಗೆ ನಾನು ಹೋದಾಗ ಮಾವ ಅಜ್ಜಿಯ ಮಾತು ಮೀರಿ ಗೂಡಿಗೆ ಸೇರಿ ಆಗಿತ್ತು. ಬೆಳಗ್ಗೆ ಅವನು ಸೈಕಲ್ ಹತ್ತಿ ಹೊರಟರೆ ಎಣ್ಣೆ ಕಾಣದ ಚೈನು ಬೀದಿಯುದ್ದಕ್ಕೂ ಕಿರ್ ಕಿರ್ ಅನ್ನುತ್ತಾ ಹೋಗುತ್ತಿತ್ತು. ತಾತ ಜಗಲಿಯಲ್ಲಿ ಕೂತು, ಆ ಸದ್ದು ಕೇಳಿಸದಷ್ಟು ದೂರ ಹೋಗುವ ತನಕ ಬೀಡಿ ಹಚ್ಚುತ್ತಿರಲಿಲ್ಲ.